ಯೂರಿಯಾ ಬಿಟ್ಟು ಕಬ್ಬು ಬೆಳೆದ ಲೆಕ್ಕ

ಶಿರಸಿ ಕಡೆ ಯೂರಿಯಾ ಹಾಕದೆ ಕಬ್ಬು ಗಿಟ್ಟುವುದಿಲ್ಲ ಎಂದು ನನಗೆ ಹೇಳದವರಿಲ್ಲ. ಈಗ ಗಿಟ್ಟುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಗೊಬ್ಬರದ ಖರ್ಚು ಉಳಿಯುತ್ತದೆ ಅನ್ನುವ ಮಾತು ಮೊದಲು ಬಿಡಿ. 45 ಕೆಜಿ ಯೂರಿಯಾ ಚೀಲ 270 ರೂಪಾಯಿ ಒಳಗೇ ಸಿಗುತ್ತದೆ. ಅಷ್ಟೇ ಸಾರ ಕೊಟ್ಟಿಗೆ ಗೊಬ್ಬರದಲ್ಲಿ ಕೊಡಲು ಹೋದರೆ ಹೊರುವ ಕೂಲಿಯೇ ಅದಕ್ಕಿಂತ ಜಾಸ್ತಿ. ಎಕರೆಗೆ 38 ಟನ್ ಕೊಡುತ್ತಿದ್ದ ಗದ್ದೆ ಮೊದಲ ವರ್ಷ 20ಕ್ಕೆ ಇಳಿಯಿತು. ಹಂದಿ ತಿಂದದ್ದು ಬೇರೆ. ವ್ಯಾಪಾರಿ ಬೆಲ್ಲಕ್ಕೆ ಕೊಟ್ಟದ್ದು ಎಲ್ಲರ ದರವೇ, ಕೆಜಿಗೆ 55. ಎಲ್ಲ ಕಳೆದು ಕೈಗೆ ಬಂದದ್ದು 30 ಸಾವಿರದಷ್ಟು. ಮೊದಲು ಲಕ್ಷದ ಮೇಲೆ ಉಳಿಯುತ್ತಿತ್ತು.

ಗೆದ್ದದ್ದು ಕೂಳೆಯಲ್ಲಿ, ಅಂದರೆ ಕಡಿದ ಬುಡದಿಂದ ಮತ್ತೆ ಚಿಗುರುವ ಬೆಳೆಯಲ್ಲಿ. ಕಬ್ಬಿನ ಒಣ ಎಲೆ ಸುಡದೆ ಸಾಲಿನ ನಡುವೆ ಹಾಸಿದೆ. ಕಳೆ ಕೂಲಿ ಅರ್ಧಕ್ಕೆ ಬಂತು, ಬೇಸಿಗೆಯಲ್ಲೂ ಬುಡ ತಂಪು. ಈಗ 26 ಟನ್ನಿಗೆ ನಿಂತಿದೆ. ಅಲಸಂದೆಯನ್ನೂ ನಡುವೆ ಹಾಕಿ ನೋಡಿದೆ. ಮಣ್ಣಿಗೆ ಒಳ್ಳೆಯದಾಯಿತು, ಕಾಯಿ ಮಾತ್ರ ಮಂಗನ ಪಾಲು.

ಹಳಿಯಾಳದ ಕಡೆಯವರಿಗೆ ಕಾರ್ಖಾನೆ ಇದೆ, ಅಲ್ಲಿ ತೂಕಕ್ಕೇ ದುಡ್ಡು. ನಮಗೆ ಆಲೆಮನೆ, ಡಬ್ಬಿಯಲ್ಲಿ ತುಂಬುವ ಜೋನಿ ಬೆಲ್ಲ, ಅಂದರೆ ನೀರು ಬೆಲ್ಲ. ಇಲ್ಲಿ ಟನ್ ಎಣಿಸಬೇಡಿ, ಡಬ್ಬಿ ಎಣಿಸಿ. ಯೂರಿಯಾ ಜಾಸ್ತಿ ತಿಂದ ಕಬ್ಬಿನ ಬೆಲ್ಲ ಕಪ್ಪಾಗುತ್ತದೆ, ಆಮೇಲೆ ಬಣ್ಣ ತಿಳಿಯಾಗಿಸಲು ಹೈಡ್ರೋಸ್ ಅನ್ನುವ ರಾಸಾಯನಿಕ ಹುಡುಕಬೇಕು. ನನ್ನ ಕೊಪ್ಪರಿಗೆಗೆ ಬೆಂಡೆ ಗಿಡದ ಲೋಳೆ, ಚೂರು ಸುಣ್ಣ ಸಾಕು. ನೊರೆ ತೆಗೆದ ಮೇಲೆ ಜೇನಿನ ಬಣ್ಣ ಬರುತ್ತದೆ. ಈ ಸೀಮೆಯಲ್ಲಿ ಅಂಥ ಬೆಲ್ಲ ತೋರಿಸಿ ನೋಡೋಣ!

ಒಂದು ಮಳೆಗಾಲ ಡಬ್ಬಿಗಳು ಉಬ್ಬಿ ಹುಳಿ ಬಂದವು, 40 ಸಾವಿರ ಹೋಯಿತು. ಈಗ ಪಾಕ 106 ಡಿಗ್ರಿ ಸೆಲ್ಸಿಯಸ್ ಆಸುಪಾಸು ಬಂದು, ಸೌಟಿನಿಂದ ಬೀಳುವ ಹನಿ ಎಳೆಯಾಗಿ ನಿಂತ ಮೇಲೇ ಇಳಿಸುತ್ತೇನೆ. ಡಬ್ಬಿಗೆ ತುಂಬುವ ಮುಂಚೆ ಇನ್ನೊಂದು ಕೆಲಸ ಇದೆ, ಅದು ನನ್ನ ಹತ್ತಿರವೇ ಇರಲಿ.

ಟನ್ನಿಗೆ 120–125 ಕೆಜಿ ಬೆಲ್ಲ. ಗಿರಾಕಿಗಳು ಆಲೆಮನೆಗೇ ಬಂದು ಕಬ್ಬಿನ ಹಾಲು ಕುಡಿದು, ಕೆಜಿಗೆ 100 ಕೊಟ್ಟು ಒಯ್ಯುತ್ತಾರೆ. ಸಾಗುವಳಿಗೆ 70 ಸಾವಿರ, ಅರೆದು ಕಾಯಿಸಲು 50 ಸಾವಿರ ಕಳೆದರೂ ಎಕರೆಗೆ ಎರಡು ಲಕ್ಷದ ಹತ್ತಿರ ಉಳಿಯುತ್ತದೆ. ಮೊದಲ ವರ್ಷದ ಪೆಟ್ಟು ತಡೆಯಲು ಅಡಿಕೆಯೋ ಇನ್ನೊಂದೋ ಕೈಯಲ್ಲಿರಬೇಕು. ಇಲ್ಲದವರು ಕಾಲೆಕರೆಯಿಂದ ಶುರು ಮಾಡಿ, ಉಳಿದ ಗದ್ದೆ ಹಾಗೇ ಇರಲಿ.