ಲಾಕ್ ವಿಲಾಯಿತಿಯದು, ಮರ ಹೊನ್ನೆಯದು

ಮಂಗಗಳಿಂದ, ಮಳೆಯಿಂದ, ಮೂರು ತಲೆಮಾರಿನ ಗಂಡಸರಿಂದ ನಮ್ಮ ಮನೆಯ ಕೇಪಿನ ಕೋವಿಗೆ, ಎಂದರೆ ಬಾಯಿಂದ ಮದ್ದು ತುಂಬಿ ಕೇಪು ಸಿಡಿಸಿ ಹಾರಿಸುವ ಹಳೆಯ ಬಂದೂಕಿಗೆ, ಆಗದ ಕೆಡುಕನ್ನು ನಾನು ಒಂದೇ ಮಧ್ಯಾಹ್ನದಲ್ಲಿ ಮಾಡಿ ಮುಗಿಸಿದೆ. ಆಗ ನನಗೆ ಇಪ್ಪತ್ತೆರಡು. ಮರುದಿನ ಆಯುಧ ಪೂಜೆ. ಜಗುಲಿಯ ಮೇಲೆ ಕತ್ತಿ, ಗುದ್ದಲಿ, ಹಾರೆ, ಕೊಡಲಿ ಎಲ್ಲ ತೊಳೆದು ಸಾಲಾಗಿ ಇಟ್ಟಾಗಿತ್ತು. ಅವುಗಳ ನಡುವೆ ಕಪ್ಪಗೆ, ಮಂಕಾಗಿ ಒರಗಿದ್ದ ಕೋವಿ ಕಣ್ಣಿಗೆ ಹಿತವಾಗಲಿಲ್ಲ. ಹುಣಸೆಹುಳಿ ಹಚ್ಚಿದೆ, ಬೂದಿ ಹಾಕಿ ತಿಕ್ಕಿದೆ, ಸಾಲದ್ದಕ್ಕೆ ಪೇಟೆಯಿಂದ ಸ್ಯಾಂಡ್‌ಪೇಪರ್ ತಂದು ಉಜ್ಜಿದೆ. ಸಂಜೆಗೆ ಬೆಳ್ಳಿಯ ಹಾಗೆ ಹೊಳೆಯಿತು. ಅಮ್ಮ ಅರಿಶಿನ ಕುಂಕುಮ ಹಚ್ಚಿ, "ಈಗ ಲಕ್ಷಣವಾಯಿತು ನೋಡು" ಎಂದಳು. ಕೇಪಿನ ಮೇಲೆ ಬಡಿಯುವ ಕುದುರೆಯ ಪಕ್ಕದ ತಗಡಿನ ಮೇಲಿದ್ದ ಪುಟ್ಟ ಕಿರೀಟದ ಗುರುತೂ ಇಸವಿಯ ಕೊನೆಯ ಅಂಕಿಯೂ ಆ ಹೊಳಪಿನೊಂದಿಗೆ ಅಳಿಸಿಹೋದದ್ದು ಯಾರಿಗೂ ತಿಳಿಯಲಿಲ್ಲ. ನನಗೆ ತಿಳಿದದ್ದು ಹದಿನೆಂಟು ವರ್ಷ ಕಳೆದ ಮೇಲೆ, ಮಾಸ್ತರರು ಭೂತಗನ್ನಡಿ ಹಿಡಿದು ಬಗ್ಗಿ ನೋಡಿ, ಏನೂ ಹೇಳದೆ ಕನ್ನಡಕ ತೆಗೆದು ಒರೆಸಿಕೊಂಡಾಗ.

ಶಿರಸಿ, ಸಿದ್ದಾಪುರದ ಕಡೆ ಕೋವಿ ಎಂದರೆ ಬೆಳೆ ಕಾಯುವ ಸಲಕರಣೆ. ತೋಟಕ್ಕೆ ಮಂಗ, ಗದ್ದೆಗೆ ಹಂದಿ, ಇವುಗಳ ಸಲುವಾಗಿ ಅಜ್ಜಂದಿರ ಕಾಲದಿಂದ ಪರವಾನಗಿ ನಡೆದು ಬಂದಿರುತ್ತದೆ. ಚುನಾವಣೆ ಘೋಷಣೆಯಾದರೆ ಠಾಣೆಗೆ ಒಯ್ದು ಠೇವಣಿ ಇಟ್ಟು ಚೀಟಿ ತರುವುದು, ಫಲಿತಾಂಶ ಬಂದ ಮೇಲೆ ಹೋಗಿ ಬಿಡಿಸಿಕೊಳ್ಳುವುದು. ಅದನ್ನು ಹಳೆಯ ವಸ್ತುವೆಂದು ಇಟ್ಟುಕೊಂಡು ತಲೆ ಕೆಡಿಸಿಕೊಳ್ಳುವವರು ಕಡಿಮೆ. ನಮ್ಮ ಬಳಗದಲ್ಲಿ ಮೂವರಿದ್ದೇವೆ: ನಿವೃತ್ತರಾದ ಇತಿಹಾಸದ ಮಾಸ್ತರರು, ಹಡಗಿನಲ್ಲಿ ಎಂಜಿನಿಯರ್ ಆಗಿ ದೇಶ ಸುತ್ತಿ ಬಂದ ಕಾರವಾರದ ಗೆಳೆಯ, ಮತ್ತು ಅಡಿಕೆ ತೋಟದ ನಾನು.

ಜಗಳ ಹುಟ್ಟಿದ್ದು ಕಾರವಾರದ ಗೆಳೆಯ ಉತ್ತರ ಭಾರತದ ಕಾರ್ಖಾನೆಯೊಂದರಲ್ಲಿ ಮಾಡಿದ ಬ್ರಿಟಿಷ್ ಸೇನೆಯ 1853ರ ಮಾದರಿಯ ಎನ್‌ಫೀಲ್ಡ್ ಕೋವಿಯ ಪ್ರತಿಕೃತಿಯನ್ನು ಕಂಬಳಿಯಲ್ಲಿ ಸುತ್ತಿ ನಮ್ಮ ಜಗುಲಿಗೆ ತಂದ ದಿನ. ಗೋಡೆಗೆ ತೂಗು ಹಾಕಲೆಂದೇ ಮಾಡಿದ್ದು. ನಳಿಗೆಯ ಬಾಯಿ ಎರಡು ಬೆರಳಿನಷ್ಟು ಆಳ, ಅದರಾಚೆ ಗಟ್ಟಿ ಕಬ್ಬಿಣ. ಆದರೆ ಹೊರಗಿನ ಅಳತೆಯಲ್ಲಿ ತಪ್ಪು ಹುಡುಕುವಂತಿರಲಿಲ್ಲ. ಒಟ್ಟು ಉದ್ದ 55 ಇಂಚು, ನಳಿಗೆ 39 ಇಂಚು, ಅದನ್ನು ಮರಕ್ಕೆ ಬಿಗಿಯುವ ಪಟ್ಟಿ ಮೂರು.

ಮಾಸ್ತರರು ಕೈಗೂ ತೆಗೆದುಕೊಳ್ಳಲಿಲ್ಲ. "ಇದು ಕೋವಿಯಲ್ಲ ಮಾರಾಯರೇ, ಕೋವಿಯ ಫೋಟೊ."

"ಮಾರಿಕಾಂಬೆಯ ತೇರನ್ನು ಎರಡು ವರ್ಷಕ್ಕೊಮ್ಮೆ ಹೊಸ ಮರ ತಂದು ಕಟ್ಟುತ್ತಾರಲ್ಲ ಮಾಸ್ತರೇ, ಅದನ್ನೂ ತೇರಿನ ಫೋಟೊ ಎನ್ನುತ್ತೀರೋ?" ಎಂದ ಗೆಳೆಯ.

"ಅದರಲ್ಲಿ ದೇವಿ ಕೂರುತ್ತಾಳೆ. ಇದರಲ್ಲಿ ಈಡು ಕೂರುವುದಿಲ್ಲ."

ಆಮೇಲೆ ಇಬ್ಬರೂ ನನ್ನ ಕಡೆ ತಿರುಗಿದರು. ಎನ್‌ಫೀಲ್ಡಿನ ಅಸಲು ನೋಡಬೇಕಾದರೆ ನಮ್ಮ ಮನೆಯದನ್ನು ತರಬೇಕು ಎಂದು ಮಾಸ್ತರರ ಅಪ್ಪಣೆ. ಅದರ ತಗಡಿನ ಮೇಲೆ ಕುದುರೆಯ ಹಿಂದೆ ದೊಡ್ಡ ಕಿರೀಟ, ಅದರ ಕೆಳಗೆ 'ವಿ.ಆರ್.' ಎಂದು ವಿಕ್ಟೋರಿಯಾ ರಾಣಿಯ ಅಕ್ಷರ, ಮುಂದೆ 'ಟವರ್' ಎಂಬ ಮುದ್ರೆ ಮತ್ತು 186 ಎಂಬಷ್ಟೇ ಉಳಿದ ಇಸವಿ ಇದೆ. ಅಳಿಸಿದ ಅಂಕಿಯನ್ನು ಮಾಸ್ತರರು ತಾವೇ ತುಂಬಿಕೊಂಡರು: "1862 ಇರಬೇಕು. ಉತ್ತರ ಕನ್ನಡ ಮದರಾಸು ಪ್ರಾಂತ್ಯದಿಂದ ಮುಂಬಯಿಗೆ ಸೇರಿದ ವರ್ಷ." ಅದಕ್ಕೂ ಇದಕ್ಕೂ ಏನು ಸಂಬಂಧ ಎಂದು ಕೇಳುವ ಧೈರ್ಯ ನಮಗಿಬ್ಬರಿಗೂ ಬರಲಿಲ್ಲ. ಇತಿಹಾಸ ಓದಿದವರ ಕೈಗೆ ಒಂದು ಖಾಲಿ ಜಾಗ ಸಿಕ್ಕರೆ ಹೀಗೆಯೇ ಆಗುತ್ತದೆ.

ಆ ವಾರವೇ ನಾನು ಕೋವಿಯನ್ನು ಪೂರ್ತಿ ಬಿಚ್ಚಿ ನೋಡುವುದೆಂದು ನಿಶ್ಚಯಿಸಿದೆ.

ಬಿಚ್ಚುವ ಮೊದಲಿನ ಕೆಲಸ ಒಂದಿದೆ, ಅದನ್ನು ಯಾರೂ ಬಿಡಬಾರದು. ಮದ್ದು ಜಡಿಯುವ ಗಜವನ್ನು ನಳಿಗೆಯೊಳಗೆ ತಳ ಮುಟ್ಟುವ ತನಕ ಇಳಿಸಿ, ಬಾಯಿಯ ಮಟ್ಟಕ್ಕೆ ಗುರುತು ಮಾಡಿ, ಹೊರತೆಗೆದು ನಳಿಗೆಯ ಪಕ್ಕದಲ್ಲಿ ಹಿಡಿಯಬೇಕು. ಗಜ ಕೇಪು ಕೂರುವ ತೊಟ್ಟಿನ ಹತ್ತಿರ ಬರದೆ ಮೂರ್ನಾಲ್ಕು ಬೆರಳು ಮೊದಲೇ ನಿಂತರೆ ಒಳಗೆ ಹಳೆಯ ಈಡು ಇದೆ ಎಂದೇ ಲೆಕ್ಕ. ನಮ್ಮ ಸಂಬಂಧಿಕರ ಮನೆಯೊಂದರಲ್ಲಿ ಮೆತ್ತಿನ ಮೇಲೆ ಇಪ್ಪತ್ತು ವರ್ಷ ಮಲಗಿದ್ದ ಕೋವಿಯಲ್ಲಿ ಹಾಗೆಯೇ ಇತ್ತು. ಅಂಥದ್ದನ್ನು ಮನೆಯಲ್ಲಿ ಕೆದಕದೆ ಪರವಾನಗಿ ಇರುವ ಕೋವಿ ರಿಪೇರಿಯವರಿಗೆ ಒಪ್ಪಿಸಬೇಕು. ನಮ್ಮದು ಖಾಲಿ ಇತ್ತು.

ನಳಿಗೆಯಿಂದ ಶುರು ಮಾಡಿದೆ. ಎನ್‌ಫೀಲ್ಡಿನ ನಳಿಗೆಯ ಒಳವ್ಯಾಸ 0.577 ಇಂಚು, ಗುಂಡು ತಿರುಗುತ್ತ ನೇರ ಹೋಗಲೆಂದು ಒಳಗೆ ಸುರುಳಿಯಾಗಿ ಸಾಗುವ ಮೂರು ಕಾಲುವೆ. ನಮ್ಮದರ ಒಳಗೆ ಟಾರ್ಚ್ ಬಿಟ್ಟು ನೋಡಿದರೆ ಕಾಲುವೆಯ ಸುಳಿವೇ ಇಲ್ಲ, ನುಣುಪು. ಮಾಸ್ತರರಿಗೆ ಇದರಿಂದ ಉತ್ಸಾಹ ಇನ್ನೂ ಹೆಚ್ಚಾಯಿತು. 1857ರ ದಂಗೆಯ ನಂತರ ದೇಶೀ ಸಿಪಾಯಿಗಳ ಕೈಗೆ ಕಾಲುವೆಯ ನಳಿಗೆ ಕೊಡಬಾರದೆಂದು ಬ್ರಿಟಿಷರು ಅದೇ ಮಾದರಿಯನ್ನು ಒಳಗೆ ಅಗಲಿಸಿ ನುಣುಪು ಮಾಡಿ ಕೊಟ್ಟದ್ದು ನಿಜ. ಆದರೆ ಅದರ ಒಳವ್ಯಾಸ ಸುಮಾರು 0.656 ಇಂಚು, ಎಂದರೆ 16.66 ಮಿಲಿಮೀಟರ್ ಬರಬೇಕು. ಗೆಳೆಯನ ವರ್ನಿಯರ್ ಇಟ್ಟು ಅಳೆದಾಗ ಒಂದು ದಿಕ್ಕಿನಲ್ಲಿ 17.1, ಅಡ್ಡ ಹಿಡಿದರೆ 17.6. ಸವೆತ ಎಂದು ವಾದಿಸಬಹುದಿತ್ತು. ಉದ್ದವೂ 39 ಇಂಚಿನ ಬದಲು 43 ಬಂತು. ನಳಿಗೆ ಸವೆದು ಉದ್ದವಾಗುವುದಿಲ್ಲ.

ಮರಕ್ಕೆ ಅಂಟಿಕೊಂಡು ಬೆಳಕು ಕಾಣದಿದ್ದ ನಳಿಗೆಯ ತಳಭಾಗಕ್ಕೆ ನನ್ನ ಸ್ಯಾಂಡ್‌ಪೇಪರ್ ಅದೃಷ್ಟವಶಾತ್ ತಲುಪಿರಲಿಲ್ಲ. ಅಲ್ಲಿ ಕಬ್ಬಿಣ ಕಾಫಿಬೀಜದ ಬಣ್ಣದಲ್ಲಿತ್ತು. ಓರೆಯಾಗಿ ದೀಪ ಹಿಡಿದಾಗ ಉದ್ದಕ್ಕೂ ಒಂದು ಸಣ್ಣ ಗೆರೆ ಕಂಡಿತು. ತಗಡನ್ನು ಕಾಯಿಸಿ, ಸುತ್ತಿ, ಬಡಿದು ಕೂಡಿಸಿದ ಬೆಸುಗೆ. ಅದರ ಹಿಂತುದಿಯಲ್ಲಿ ಚಂದ್ರನ ಕೊರೆಯಂಥ ಒಂದು ಗುರುತು, ಪಕ್ಕದಲ್ಲಿ ಉಳಿಯಿಂದ ಹೊಡೆದ ಮೂರು ಚುಕ್ಕಿ. ಪರೀಕ್ಷೆಯಾದ ಬ್ರಿಟಿಷ್ ನಳಿಗೆಯಲ್ಲಿ ಇರಲೇಬೇಕಾದ ಮುದ್ರೆ ಯಾವುದೂ ಇಲ್ಲ.

ಮರದ ವಿಷಯಕ್ಕೆ ಊರಿನ ಆಚಾರಿಯನ್ನು ಕರೆದೆ. ವಿಲಾಯಿತಿ ಕೋವಿಗೆ ಆಕ್ರೋಟಿನ ಮರ. ಆಚಾರಿ ಹೊರಗಿನ ಬಣ್ಣ ನೋಡಲೇ ಇಲ್ಲ. ಲಾಕ್, ಎಂದರೆ ಕುದುರೆಯನ್ನು ಬಡಿಸುವ ಯಂತ್ರ, ಕೂರುವ ಗುಳಿಯೊಳಗಿಂದ ಉಗುರಿನಷ್ಟು ಸಿಪ್ಪೆ ಕೆರೆದು, ಗಾಜಿನ ಲೋಟದ ನೀರಿಗೆ ಹಾಕಿ, "ಒಂದು ಕವಳ ಹಾಕುವಷ್ಟು ಹೊತ್ತು ತಡೆಯಿರಿ" ಎಂದು ಕುಳಿತ. ಕವಳ ಮುಗಿಯುವುದರೊಳಗೆ ನೀರು ಚಹಾದ ಬಣ್ಣಕ್ಕೆ ತಿರುಗಿತ್ತು. ಲೋಟವನ್ನು ಅಂಗಳದ ಬಿಸಿಲಿಗೆ ಎತ್ತಿ ಹಿಡಿದಾಗ ಅಂಚಿನಲ್ಲಿ ತೆಳುವಾದ ನೀಲಿ ಹೊಳಪು. "ಹೊನ್ನೆ" ಎಂದ. ಸಕ್ಕರೆ ಕಾಯಿಲೆಗೆಂದು ಜನ ನೀರಿಟ್ಟು ಕುಡಿಯುವ ಲೋಟದ ಮರ ನಮ್ಮ ಕೋವಿಯ ಹಿಡಿಯಾಗಿತ್ತು.

ಲಾಕ್ ಮಾತ್ರ ನಿಜಕ್ಕೂ ಹೊರಗಿನದು. ತಿರುಪುಗಳ ಸಾಕ್ಷಿ ಅಲ್ಲಿ ಸಿಕ್ಕಿತು. ಕೈಯಿಂದ ಕೊರೆದ ಹಳೆಯ ತಿರುಪು ತನ್ನ ತೂತಿಗೆ ಮಾತ್ರ ಕೂರುತ್ತದೆ, ಅದಲುಬದಲು ಮಾಡಿದರೆ ಎರಡನೆಯ ಸುತ್ತಿಗೇ ಕಚ್ಚಿಕೊಳ್ಳುತ್ತದೆ. ನಮ್ಮದರಲ್ಲಿ ಯಾವ ತಿರುಪು ಯಾವ ತೂತಿಗೆ ಎಂದು ಅರದಿಂದ ಸಣ್ಣ ಗೀರು ಹಾಕಿದ್ದು ಕಾಣುತ್ತಿತ್ತು. ಗೆಳೆಯನ ಪ್ರತಿಕೃತಿಯಲ್ಲಿ? ಹಾರ್ಡ್‌ವೇರ್ ಅಂಗಡಿಯ ಆರು ಮಿಲಿಮೀಟರಿನ ಬೋಲ್ಟು ಸರಾಗವಾಗಿ ಇಳಿಯಿತು. ಅವನೇ ನಕ್ಕ.

ಅಂತೂ ಕೈಗೆ ಬಂದ ಲೆಕ್ಕ ಹೀಗೆ: ಲಾಕ್ ವಿಲಾಯಿತಿಯದು, ನಳಿಗೆ ಯಾರೋ ನಾಡ ಕಮ್ಮಾರನದು, ಮರ ನಮ್ಮ ಬೆಟ್ಟದ್ದು. ಮಾಸ್ತರರ ಮುಖ ಬಾಡಿತು. "ಹಾಗಾದರೆ ಇದೂ ಅಸಲಲ್ಲ" ಎಂದರು. ಅಲ್ಲಿಯವರೆಗೆ ಪ್ರತಿಕೃತಿಯ ವಕೀಲನಾಗಿದ್ದ ಗೆಳೆಯ ಆಗ ಹೇಳಿದ ಮಾತು ನನ್ನ ತಲೆಯಲ್ಲಿ ಈಗಲೂ ಕೂತಿದೆ. 'ಟವರ್' ಎಂದು ಮುದ್ರೆ ಇದ್ದ ಮಾತ್ರಕ್ಕೆ ಲಂಡನ್ನಿನ ಟವರ್ ಕೋಟೆಯಲ್ಲಿ ಮಾಡಿದ್ದೆಂದು ಅರ್ಥವಲ್ಲ. ಸರಕಾರದ ಎನ್‌ಫೀಲ್ಡ್ ಕಾರ್ಖಾನೆಯ ಸರಕಿಗೆ 'ಎನ್‌ಫೀಲ್ಡ್' ಎಂದೇ ಮುದ್ರೆ. ಬರ್ಮಿಂಗ್‌ಹ್ಯಾಮ್, ಲಂಡನ್ನಿನ ಗುತ್ತಿಗೆದಾರರು ಒದಗಿಸಿದ್ದಕ್ಕೆ 'ಟವರ್'. ಆ ಗುತ್ತಿಗೆಯಲ್ಲಿ ನಳಿಗೆ ಒಬ್ಬನದು, ಲಾಕ್ ಇನ್ನೊಬ್ಬನದು, ಕೂಡಿಸುವವನು ಮೂರನೆಯವನು. "ಅಲ್ಲಿ ಮೂರು ಅಂಗಡಿಯ ಮಾಲು ಸೇರಿದರೆ ಅಸಲು, ಇಲ್ಲಿ ಮೂರು ಊರಿನದು ಸೇರಿದರೆ ನಕಲೋ ಮಾಸ್ತರೇ?"

ಈ ಪ್ರಶ್ನೆ ನಮ್ಮ ಜಗುಲಿಯದಷ್ಟೇ ಅಲ್ಲ. ಅಮೆರಿಕದಲ್ಲಿ ಕೋಲ್ಟ್ ಕಂಪೆನಿ 1851ರ ತನ್ನದೇ ನೇವಿ ರಿವಾಲ್ವರನ್ನು 1971ರಲ್ಲಿ ಮತ್ತೆ ಮಾರತೊಡಗಿತು. ಬಿಡಿಭಾಗ ಒರಟಾಗಿ ತಯಾರಾಗಿ ಬರುತ್ತಿದ್ದದ್ದು ಇಟಲಿಯಿಂದ, ಹೆಸರು ಕೋಲ್ಟಿನದು. ಅದು ಕೋಲ್ಟೋ, ಕೋಲ್ಟಿನ ಪ್ರತಿಕೃತಿಯೋ ಎಂದು ಅಲ್ಲಿನ ಸಂಗ್ರಾಹಕರು ಇವತ್ತಿಗೂ ಬಡಿದಾಡುತ್ತಾರೆ. 1970ರ ದಶಕದಲ್ಲಿ ಬರ್ಮಿಂಗ್‌ಹ್ಯಾಮಿನ ಪಾರ್ಕರ್-ಹೇಲ್ ಕಂಪೆನಿ ಎನ್‌ಫೀಲ್ಡ್ ಮಾದರಿಗಳನ್ನು ಸರಕಾರದ ಹಳೆಯ ಅಳತೆಪಟ್ಟಿಗಳನ್ನೇ ಇಟ್ಟುಕೊಂಡು ಮಾಡಿತು. ಅಳತೆಯೂ ಮೂಲದ್ದೇ, ಊರೂ ಮೂಲದ್ದೇ, ಕಾಲ ಮಾತ್ರ ಬೇರೆ. ಇನ್ನು ನೇಪಾಳದ ಕತೆ ಎಲ್ಲಕ್ಕಿಂತ ಸ್ವಾರಸ್ಯದ್ದು. ಕಠ್ಮಂಡುವಿನ ಲಗನ್ ಸಿಲೆಖಾನಾ ಎಂಬ ಹಳೆಯ ಅರಮನೆಯಲ್ಲಿ ಕೊಳೆಯುತ್ತಿದ್ದ 50,000ದಷ್ಟು ಕೋವಿಗಳನ್ನು 2003ರಲ್ಲಿ ಅಮೆರಿಕದ ವ್ಯಾಪಾರಿಗಳು ಕೊಂಡರು. ಅವುಗಳಲ್ಲಿ ಬ್ರಿಟಿಷ್ ಬ್ರನ್ಸ್‌ವಿಕ್ ಕೋವಿಯನ್ನು ನೋಡಿ ನೇಪಾಳದವರೇ ಹತ್ತೊಂಬತ್ತನೆಯ ಶತಮಾನದಲ್ಲಿ ಮಾಡಿಕೊಂಡವೂ ಇದ್ದವು. ಅವು ನಕಲು ಹೌದು, ಆದರೆ ಸೈನಿಕರು ಹೊತ್ತು ನಡೆದ ನಕಲು. ನನ್ನ ಮಟ್ಟಿಗೆ ಅವು ಅಸಲೇ.

ನಾನು ಒಪ್ಪದಿರುವುದು ಒಂದನ್ನೇ, ಮೋಸ ಮಾಡಲೆಂದು ಮಾಡಿದ್ದನ್ನು. ಖೈಬರ್ ಕಣಿವೆಯ ಕಡೆಯ ಕಮ್ಮಾರರು ಮಾಡಿದ ಮಾರ್ಟಿನಿ-ಹೆನ್ರಿ ಕೋವಿಗಳಲ್ಲಿ 'ಎನ್' ಅಕ್ಷರವೇ ತಿರುಗಿ ನಿಂತಿರುವುದುಂಟು, 'ವಿ.ಆರ್.' ಎಂಬುದರ ಕೆಳಗೆ 1901ರ ನಂತರದ ಇಸವಿ ಇರುವುದುಂಟು. ರಾಣಿ ತೀರಿಕೊಂಡದ್ದು 1901ರ ಜನವರಿಯಲ್ಲಿ. ನಮ್ಮ ಕಡೆ ಅಂಥದ್ದು ಬರುವುದಿಲ್ಲ. ಇಲ್ಲಿಯವರಿಗೆ ಎದುರಾಗುವುದು ಪ್ರವಾಸಿಗಳ ಊರಿನ ಅಂಗಡಿಗಳಲ್ಲಿ 'ಪೋರ್ಚುಗೀಸರ ಪಿಸ್ತೂಲು' ಎಂದು ತೋರಿಸುವ ಅಲಂಕಾರದ ಸರಕು. ಜೇಬಿನಲ್ಲಿ ಫ್ರಿಜ್ಜಿಗೆ ಅಂಟಿಸುವ ಅಯಸ್ಕಾಂತವೊಂದಿದ್ದರೆ ಸಾಕು. ಕಬ್ಬಿಣದ್ದೆಂದು ತೋರಿಸಿದ ನಳಿಗೆಗೆ ಅದು ಅಂಟಿಕೊಳ್ಳದಿದ್ದರೆ ಸತುವಿನ ಎರಕ, ನಮಸ್ಕಾರ ಹೇಳಿ ಹೊರಡಬಹುದು.

ಕಾನೂನಿನ ಕಣ್ಣು ಇನ್ನೊಂದು ತೆರ. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೆಯ ಕಲಮು ಹಳೆಯ ಮಾದರಿಯ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧಕ್ಕೆ ವಿನಾಯಿತಿ ಕೊಡುತ್ತದೆ. ಆದರೆ ರಿಪೇರಿ ಮಾಡಿದರೂ ಹಾರದಂತಿರಬೇಕೆಂಬ ಷರತ್ತಿದೆ. ಅಂದರೆ ಮದ್ದಿಗೆ ಕಿಡಿ ಮುಟ್ಟಿಸುವ ಕಿವಿಯ ತೂತು ಕೊರೆಯದೆ ಬಿಟ್ಟ ಹೊಚ್ಚಹೊಸ ಪ್ರತಿಕೃತಿ, ನಳಿಗೆ ಟೊಳ್ಳಾಗಿದ್ದರೆ, ಈ ವಿನಾಯಿತಿಯನ್ನು ನೆಚ್ಚಿಕೊಳ್ಳುವಂತಿಲ್ಲ. ತುಕ್ಕು ತಿಂದು ಜರಡಿಯಾದ ಇನ್ನೂರು ವರ್ಷದ ನಳಿಗೆಗೆ ಅದು ಸಿಗಬಹುದು. ಗೆಳೆಯ ಗಟ್ಟಿ ನಳಿಗೆಯದನ್ನೇ ಆರಿಸಿದ್ದು ಇದೇ ಕಾರಣಕ್ಕೆ. 2019ರ ತಿದ್ದುಪಡಿಯಲ್ಲಿ ಒಬ್ಬರು ಇಟ್ಟುಕೊಳ್ಳಬಹುದಾದ ಕೋವಿ ಮೂರರಿಂದ ಎರಡಕ್ಕೆ ಇಳಿದಾಗ ಮಾಸ್ತರರು ಒಂದನ್ನು ಒಪ್ಪಿಸಬೇಕಾಯಿತು. ಅವರು ಕೊಟ್ಟದ್ದು ಕಾರ್ಖಾನೆಯ ಹೆಸರು, ನಂಬರು ಎಲ್ಲ ಸರಿಯಿದ್ದ ಜೋಡು ನಳಿಗೆಯ ತೋಟಾ ಕೋವಿಯನ್ನು. ಹೆಸರಿಲ್ಲದ ಎರಡು ಕೇಪಿನ ಕೋವಿಗಳನ್ನು ಉಳಿಸಿಕೊಂಡರು. ಅಸಲಿನ ಬಗ್ಗೆ ಅಷ್ಟೊಂದು ಮಾತನಾಡುವವರು ಹೀಗೇಕೆ ಮಾಡಿದರೆಂದು ಕೇಳಿದ್ದಕ್ಕೆ, "ಅದು ಇನ್ನೊಂದು ಸಿಗುತ್ತದೆ" ಎಂದಷ್ಟೇ ಹೇಳಿದರು.

ಈಗ ನನ್ನ ದಾಖಲೆ ಪುಸ್ತಕದಲ್ಲಿ 'ಅಸಲು', 'ನಕಲು' ಎಂಬ ಮನೆಗಳಿಲ್ಲ. ಪ್ರತಿ ಕೋವಿಗೂ ಲಾಕ್, ನಳಿಗೆ, ಮರ, ತಿರುಪು ಎಂದು ನಾಲ್ಕು ಸಾಲು, ಎದುರಿಗೆ ಅಳತೆ ಮತ್ತು ಕಣ್ಣಿಗೆ ಕಂಡ ಗುರುತು. ಕಾಣದ್ದನ್ನು ಬರೆಯುವುದಿಲ್ಲ, ಹಾಗಾಗಿ ಇಸವಿಯ ಜಾಗದಲ್ಲಿ ಈಗಲೂ 186 ಮತ್ತು ಒಂದು ಖಾಲಿ ಚೌಕ. ಐದನೆಯ ಸಾಲು ನನಗಾಗಿಯೇ ಹಾಕಿಕೊಂಡದ್ದು: ನಮ್ಮ ಕೈಯಿಂದ ಆದ ಹಾನಿ. ಅಲ್ಲಿ ಸ್ಯಾಂಡ್‌ಪೇಪರಿನ ಸಂಗತಿ ಪೂರ್ತಿ ಬರೆದಿದ್ದೇನೆ. ಕಾರವಾರದವನು ಅದನ್ನು ಓದಿ, "ನನ್ನದು ಹೊಸದನ್ನು ಹಳೆಯದಾಗಿ ಕಾಣಿಸಿದ್ದು, ನಿಮ್ಮದು ಹಳೆಯದನ್ನು ಹೊಸದಾಗಿ ಕಾಣಿಸಿದ್ದು. ಯಾರದು ದೊಡ್ಡ ನಕಲು?" ಎಂದು ಕೇಳಿದ. ನಾನು ಇನ್ನೊಂದು ಲೋಟ ಚಹಾ ಮುಂದಿಟ್ಟೆ. ಈಗ ಆಯುಧ ಪೂಜೆಗೆ ತೆಳುವಾಗಿ ಎಣ್ಣೆ ಸವರಿದ ಹತ್ತಿಬಟ್ಟೆ ಬಿಟ್ಟು ಬೇರೇನನ್ನೂ ಕಬ್ಬಿಣಕ್ಕೆ ಮುಟ್ಟಿಸುವುದಿಲ್ಲ. ಕುಂಕುಮವೂ ಮರಕ್ಕೆ ಮಾತ್ರ.

ಕಳೆದ ಬೇಸಿಗೆಯಲ್ಲಿ ಸಿದ್ದಾಪುರದ ಕಡೆಯ ಮನೆಯೊಂದಕ್ಕೆ ಉಪನಯನಕ್ಕೆ ಹೋಗಿದ್ದೆ. ಊಟ ಮುಗಿದು ಎಲ್ಲರೂ ಇಸ್ಪೀಟಿಗೆ ಕುಳಿತಾಗ ಮನೆಯ ಯಜಮಾನರು ತಮ್ಮ ಕೋವಿ ತೋರಿಸಿದರು. ಲಾಕಿನ ಮೇಲೆ ಒಂದಕ್ಷರವೂ ಇಲ್ಲ, ಪೂರ್ತಿ ನಾಡಿನದೇ. ಒಪ್ಪಿಗೆ ಪಡೆದು ನಳಿಗೆಯನ್ನು ಮರದಿಂದ ಎತ್ತಿ ತಿರುಗಿಸಿದೆ. ಹಿಂತುದಿಯಲ್ಲಿ ಚಂದ್ರನ ಕೊರೆ, ಪಕ್ಕದಲ್ಲಿ ಮೂರು ಚುಕ್ಕಿ. ಫೋನು ಮಾಡಿದ ಎರಡನೆಯ ದಿನಕ್ಕೆ ಕಾರವಾರದಿಂದ ಗೆಳೆಯ ಬಸ್ ಹತ್ತಿ ಬಂದ. ತೆಳುವಾದ ಕಾಗದ ಇಟ್ಟು, ಪೆನ್ಸಿಲನ್ನು ಅಡ್ಡವಾಗಿ ಉಜ್ಜಿ, ಎರಡೂ ಕೋವಿಯ ಗುರುತನ್ನು ಅಚ್ಚು ತೆಗೆದುಕೊಂಡ. ಬೆಳಕಿಗೆ ಹಿಡಿದು ಒಂದರ ಮೇಲೊಂದು ಇಟ್ಟಾಗ ಎರಡು ಚುಕ್ಕಿ ಕೂಡಿದವು, ಮೂರನೆಯದು ಅಕ್ಕಿಕಾಳಿನಷ್ಟು ಸರಿದು ನಿಂತಿತ್ತು. ಮಾಸ್ತರರು ಆ ಕಾಗದವನ್ನು ತಮ್ಮ ಮನೆಗೆ ಒಯ್ದಿದ್ದಾರೆ, ಇನ್ನೂ ಮರಳಿ ಕೊಟ್ಟಿಲ್ಲ.