ದಾವಣಗೆರೆ ಬಿಸಿಲಲ್ಲಿ ಸ್ಲಿಪ್ಪರ್ ಆರ್ಕಿಡ್: ನನ್ನ ಏಳು ವರ್ಷದ ಲೆಕ್ಕ

ಹೋದ ಡಿಸೆಂಬರಿನಲ್ಲಿ ನಮ್ಮ ಹಿತ್ತಲಲ್ಲಿ ಮಾಡಿಯೆ ಅನ್ನುವ ಸ್ಲಿಪ್ಪರ್ ಆರ್ಕಿಡ್ (ಪ್ಯಾಫಿಯೋಪೆಡಿಲಮ್, ಬೆಳೆಯುವವರ ಬಾಯಲ್ಲಿ ಪಾಫ್) ಹೂ ಬಿಟ್ಟಿತು. ಮೇಲಿನ ಎಸಳು ಬಿಳಿ, ಅದರ ಮೇಲೆ ಹಸಿರು ಗೆರೆ, ಕೆಳಗೆ ತಿಳಿಹಸಿರು ಚೀಲ. ಫೋಟೊ ನೋಡಿದ ಸಾಗರದ ಗೆಳೆಯ, "ಹೂ ಬಿಟ್ಟಿದ್ದನ್ನೇ ತಂದು ಇಟ್ಕೊಂಡ್ಯಾ ಮಾರಾಯ?" ಅಂದ. "ದಾವಣಗೆರೆ ಬಿಸಿಲಿಗೆ ಮೆಣಸಿನಕಾಯಿ ಒಣಗಿಸು, ಪಾಫ್ ಸುದ್ದಿಗೆ ಹೋಗಬೇಡ" ಅಂತ ಮೊದಲು ಹೇಳಿದವನೂ ಇವನೇ. ಆ ಗಿಡ ನನ್ನ ಕೈಗೆ ಬಂದಾಗ ಎರಡಿಂಚಿನ ಸಸಿ. ನಾಲ್ಕು ವರ್ಷ ಸಾಕಿದ್ದೇನೆ.

ಮೊದಲ ಪೆಟ್ಟು ತಿಂದದ್ದು ಕೊಳ್ಳುವುದರಲ್ಲೇ. ಫೋನಿನಲ್ಲಿ ಸಿಕ್ಕ ಒಬ್ಬ ಮಾರಾಟಗಾರ ವೆನಸ್ಟಮ್ ಅನ್ನುವ ಪಾಫ್ ಐದು ಕಳಿಸಿದ, ಒಂದಕ್ಕೆ ಸುಮಾರು 1,400 ರೂಪಾಯಿ. ಪೊಟ್ಟಣ ಬಿಚ್ಚಿದರೆ ಬೇರಿಗೆ ಕಾಡಿನ ಮಣ್ಣು, ಪಾಚಿ. ಅರ್ಧ ಬೇರು ತುಂಡಾಗಿತ್ತು. ಮೂರು ತಿಂಗಳಲ್ಲಿ ಐದೂ ಕೊಳೆತವು. ಏಷ್ಯಾದ ಪಾಫ್‌ಗಳೆಲ್ಲ 1990ರಿಂದ ಸೈಟಿಸ್‌ನ (ಅಪಾಯದಲ್ಲಿರುವ ಜೀವಿಗಳ ವ್ಯಾಪಾರ ತಡೆಯುವ ಅಂತರರಾಷ್ಟ್ರೀಯ ಒಪ್ಪಂದ) ಮೊದಲ ಪಟ್ಟಿಯಲ್ಲಿವೆ, ನಮ್ಮ ವನ್ಯಜೀವಿ ಕಾಯ್ದೆಯಲ್ಲೂ ಇವೆ ಅನ್ನೋದು ನನಗೆ ತಿಳಿದದ್ದು ಆಮೇಲೆ. ದಕ್ಷಿಣ ಭಾರತಕ್ಕೆ ಇರುವುದೇ ಒಂದು ಪಾಫ್, ಕೇರಳ-ತಮಿಳುನಾಡು ಗಡಿಯ ಅಗಸ್ತ್ಯಮಲೆಯ ಡ್ರೂರಿ. ಅದನ್ನೂ ಕಿತ್ತು ಕಿತ್ತು ಮುಗಿಸುವ ಹಂತಕ್ಕೆ ತಂದಿದ್ದಾರೆ. ಎರಡು ವರ್ಷದ ಹಿಂದೆ ಒಬ್ಬ "ಡ್ರೂರಿ ಇದೆ, ಬೇಕಾ ಸಾರ್" ಅಂದಾಗ ಫೋನ್ ಇಟ್ಟುಬಿಟ್ಟೆ. ಈಗ ಪರವಾನಗಿ ಇರುವ ನರ್ಸರಿಯ ಫ್ಲಾಸ್ಕ್ ಸಸಿ (ಲ್ಯಾಬಿನ ಸೀಸೆಯಲ್ಲಿ ಬೀಜದಿಂದ ಬೆಳೆಸಿದ್ದು) ಮಾತ್ರ, ಬಿಲ್ ಸಮೇತ. ಡೆಂಡ್ರೋಬಿಯಮ್ ಆರ್ಕಿಡ್ ಥರ ಇದನ್ನು ಅಂಗಾಂಶ ಕೃಷಿಯಿಂದ ಸಾವಿರಗಟ್ಟಲೆ ಮಾಡುವುದು ಸುಲಭವಲ್ಲ, ನರ್ಸರಿ ಸಸಿ ಹೆಚ್ಚಾಗಿ ಬೀಜದಿಂದಲೇ ಬರಬೇಕು. ಹಾಗಾಗಿ ಚೌಕಾಸಿ ಮಾಡಿ ಪ್ರಯೋಜನ ಇಲ್ಲ.

ಎರಡನೇ ಪೆಟ್ಟು ನೀರಿನದು. ಹನ್ನೆರಡು ಸಸಿ ತಂದೆ, ಬೋರ್ ನೀರು ಹಾಕಿದೆ. ಎಲೆ ತುದಿ ಕಂದಿತು, ಬೇರು ಮುಂದಕ್ಕೆ ಹೋಗಲಿಲ್ಲ. ಎಲ್ಲರೂ ಸೆಖೆ ಅಂದರು. ನಾನೂ ನಂಬಿ ಮಂಜು ಹಾರಿಸುವ ಪಂಪಿಗೆ ಒಂಬತ್ತು ಸಾವಿರ ಸುರಿದೆ. ಅದರಿಂದ ಎಲೆಯ ಸುಳಿಯಲ್ಲಿ ನೀರು ನಿಂತು ಕೊಳೆರೋಗ ಬಂತು, ವಾರದಲ್ಲಿ ನಾಲ್ಕು ಹೋದವು. ಕೊನೆಗೆ ನೀರಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ತಂದು ನೋಡಿದರೆ ಬೋರಿನದು ಸಾವಿರದ ಇನ್ನೂರರ ಹತ್ತಿರ! ಮಳೆನೀರು ಮೂವತ್ತನ್ನೂ ಮುಟ್ಟಲಿಲ್ಲ. ತಾರಸಿ ನೀರನ್ನು ಎರಡು ಸಾವಿರ ಲೀಟರಿನ ಸಿಂಟೆಕ್ಸಿಗೆ ಬಿಟ್ಟೆ. ಮೊದಲ ಮಳೆಯದ್ದನ್ನು ಚೆಲ್ಲಿಬಿಡುತ್ತೇನೆ. ಮುಂದಿನ ಜೂನ್‌ವರೆಗೂ ಸಾಕಾಗುತ್ತದೆ.

ಸೆಖೆಗೆ ಮಾಡಿದ್ದು ತರಕಾರಿ ಇಡುವ ತಂಪು ತೊಟ್ಟಿಯ ಉಪಾಯ. ಉತ್ತರದ ಗೋಡೆಗೆ ಹೊಂದಿಸಿ ಇಟ್ಟಿಗೆಯ ಎರಡು ಸಾಲು ಕಟ್ಟಿ ನಡುವೆ ಮರಳು ತುಂಬಿದೆ. ಕುಂಡಗಳು ಒಳಗೆ ಕಬ್ಬಿಣದ ಜಾಲರಿಯ ಮೇಲೆ, ಮೇಲೆ ಶೇಕಡಾ 75 ನೆರಳು ಕೊಡುವ ನೆಟ್. ಮರಳಿಗೆ ಬೋರ್ ನೀರೇ ಸಾಕು, ದಿನಕ್ಕೆರಡು ಸಲ. ಏಪ್ರಿಲ್‌ನಲ್ಲಿ ಹೊರಗೆ 38 ಇದ್ದಾಗ ಒಳಗೆ 31, 32. ಹಳೆ ಇಟ್ಟಿಗೆ, ಮರಳು, ಕೂಲಿ ಸೇರಿ ಮೂರು ಸಾವಿರದೊಳಗೆ ಮುಗಿಯಿತು. ಹಳೆ ಕಂಪ್ಯೂಟರಿನ ಎರಡು ಫ್ಯಾನ್ ರಾತ್ರಿಯೆಲ್ಲ ತಿರುಗುತ್ತವೆ. ಗಿಡಕ್ಕೆ ನೀರು ಬೆಳಿಗ್ಗೆ ಎಂಟರೊಳಗೆ ಮಾತ್ರ.

ಕುಂಡಕ್ಕೆ ತುಂಬಲು ಊರಿನ ಮಾಲು ಬಳಸೋಣ ಅಂತ ಮಂಡಕ್ಕಿ ಭಟ್ಟಿಯಿಂದ ಸುಟ್ಟ ಹೊಟ್ಟು ಒಂದು ಚೀಲ ತಂದಿದ್ದೆ, ಪುಕ್ಕಟೆ. ಅದರ ಬೂದಿಯ ಕ್ಷಾರಕ್ಕೆ ಬೇರಿನ ತುದಿ ಸುಟ್ಟವು. ಚನ್ನಗಿರಿ ಕಡೆಯ ಅಡಿಕೆ ಸಿಪ್ಪೆ ನಾಲ್ಕು ತಿಂಗಳಲ್ಲಿ ಕೊಳೆತು ಮುದ್ದೆಯಾಯಿತು. ಆದರೆ ಅದೇ ಸಿಪ್ಪೆಯಲ್ಲಿ ಸೀತಾಳೆ ದಂಡೆ ಅನ್ನುವ ಇನ್ನೊಂದು ಆರ್ಕಿಡ್ ಸೊಂಪಾಗಿ ಬಂದಿದೆ. ಅದನ್ನು ಇನ್ನೊಮ್ಮೆ ಬರೆಯುತ್ತೇನೆ. ಪಾಫ್‌ಗೆ ಪೈನ್ ತೊಗಟೆ, ಇದ್ದಿಲು, ಸ್ವಲ್ಪ ಪರ್ಲೈಟ್ (ಹಗುರಾದ ಬಿಳಿ ಖನಿಜದ ಕಾಳು). ನೀವಿಯಮ್ ಅನ್ನುವ ಪಾಫ್‌ನ ಕುಂಡಕ್ಕೆ ಮಾತ್ರ ಸುಣ್ಣಕಲ್ಲಿನ ಚೂರು. ಎಷ್ಟೆಷ್ಟು ಅಂತ ಕೇಳಬೇಡಿ, ಅದು ನನ್ನ ಬಳಿಯೇ ಇರಲಿ. ನವೆಂಬರಿನಲ್ಲಿ ಮೊಗ್ಗು ಬರಿಸಲು ಮಾಡುವ ಒಂದು ಕೆಲಸವನ್ನೂ ಸದ್ಯಕ್ಕೆ ಹೇಳುವುದಿಲ್ಲ.

ಎಲ್ಲ ಸೇರಿ ಮೂವತ್ತು ಸಾವಿರ ಕೈಬಿಟ್ಟು ಹೋಗಿದೆ. ಮನೆಯವಳ ಲೆಕ್ಕದಲ್ಲಿ ನಲವತ್ತು. ಈಗ ಹತ್ತೊಂಬತ್ತು ಗಿಡ ಇವೆ, ಆರು ಹೂ ಕಂಡಿವೆ. ಮಾಡಿಯೆ ಹೂ ಏಳು ವಾರ ನಿಂತಿತು. ಆರನೇ ವಾರ ಸಾಗರದವನು ಬಂದು, ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಮರಳು ಮುಟ್ಟಿ ನೋಡಿದ. ಹೊರಡುವಾಗ, "ಪಕ್ಕದಲ್ಲಿ ಮರಿ ಬರ್ತಾ ಇದ್ಯಲ್ಲ, ದೊಡ್ಡದಾದ್ರೆ ನಂಗೊಂದು ಕೊಡು" ಅಂದ. ಮೆಣಸಿನಕಾಯಿ ಬೇಕಾದರೆ ಈಗಲೇ ಒಯ್ಯಿ ಅಂದೆ.