ದಿವಾಳಿ ಅರ್ಜಿಯಲ್ಲಿ ಆದಾಯದ ಪುಟ ತುಂಬುವ ಮುಂಚೆ

ಅಮೆರಿಕದಲ್ಲಿ ದಿವಾಳಿ ಅರ್ಜಿ ಹಾಕಿದಾಗ ಆದಾಯದ ಪುಟಕ್ಕೆ ಹತ್ತು ನಿಮಿಷ ಸಾಕು ಅಂದುಕೊಂಡಿದ್ದೆ. ಇರೋದು ಸಂಬಳ ಒಂದೇ ಅಲ್ವಾ? ವಕೀಲರು ನನ್ನ ಬ್ಯಾಂಕ್ ಸ್ಟೇಟ್‌ಮೆಂಟ್ ತಿರುವಿ ಹಾಕಿ, ಒಂದು ಸಾಲಿನ ಮೇಲೆ ಪೆನ್ ಇಟ್ಟು ಕೇಳಿದರು: “ಇದು ಯಾರ ದುಡ್ಡು?”

ಭಾನುವಾರ ಇಬ್ಬರು ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದೆ. ಅದರ ಫೀಸು. ಅದೂ ಆದಾಯವೇ ಅಂತ ನನಗೆ ಹೊಳೆದೇ ಇರಲಿಲ್ಲ.

ಆದ್ದರಿಂದ ನೆನಪಿನ ಮೇಲೆ ಬರೆಯಬೇಡಿ. ಎಲ್ಲ ಖಾತೆಗಳ ಸ್ಟೇಟ್‌ಮೆಂಟ್ ಪ್ರಿಂಟ್ ತೆಗೆಯಿರಿ. ಮೊಬೈಲ್ ವ್ಯಾಲೆಟ್ಟೂ ಸೇರಲಿ, ಸುಮ್ನೆ ಬಿದ್ದಿರುವ ಹಳೇ ಖಾತೆಯೂ ಸೇರಲಿ. ಖರ್ಚಿನ ಸಾಲುಗಳನ್ನು ಸದ್ಯಕ್ಕೆ ಬಿಟ್ಟುಬಿಡಿ. ಜಮೆಯಾದ ಪ್ರತಿ ಮೊತ್ತದ ಪಕ್ಕ ಯಾರು ಕೊಟ್ಟರು, ಯಾಕೆ ಕೊಟ್ಟರು ಅಂತ ಪೆನ್ಸಿಲ್‌ನಲ್ಲಿ ಬರೆಯಿರಿ. ಹೀಗೆ ಬರೆಯುವಾಗಲೇ ನನಗೆ ಅಣ್ಣನ ದುಡ್ಡು ಸಿಕ್ಕಿದ್ದು. ಬಾಡಿಗೆಗೆ ಅಂತ ತಿಂಗಳು ತಿಂಗಳೂ ಹಾಕುತ್ತಿದ್ದ. ವಾಪಸ್ ಕೇಳದ ದುಡ್ಡು ಅಂತ ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಆದರೆ ಮನೆಖರ್ಚಿಗೆ ಬೇರೆಯವರು ತಪ್ಪದೆ ಕೊಡುವುದನ್ನೂ ತೋರಿಸಬೇಕು.

ನಗದಿನದು ಇನ್ನೂ ತಲೆನೋವು. ಒಬ್ಬ ಹುಡುಗನ ಮನೆಯವರು ಕೈಗೇ ಕೊಡುತ್ತಿದ್ದರು, ರಸೀದಿ ಇಲ್ಲ. ಫೋನಿನ ಹಳೇ ಮೆಸೇಜ್ ತೆಗೆದು, “ಈ ವಾರ ಬರಲ್ಲ” ಅಂತ ಇದ್ದ ವಾರಗಳನ್ನು ಬಿಟ್ಟು, ಉಳಿದ ಭಾನುವಾರಗಳನ್ನು ಎಣಿಸಿದೆ. ಅಂದಾಜು ಹೇಗೆ ಹಾಕಿದೆ ಅಂತ ಒಂದು ಹಾಳೆಯಲ್ಲಿ ಬರೆದು ವಕೀಲರಿಗೆ ಕೊಟ್ಟೆ.

ಅರ್ಜಿಯಲ್ಲಿ ತಿಂಗಳ ಆದಾಯದ ಸರಾಸರಿ ತೆಗೆಯುವುದು ಅರ್ಜಿ ಹಾಕುವ ತಿಂಗಳಿಗೆ ಹಿಂದಿನ ಪೂರ್ತಿ 6 ತಿಂಗಳಿಗೆ. ಆಗಸ್ಟ್‌ನಲ್ಲಿ ಹಾಕಿದರೆ ಫೆಬ್ರವರಿಯಿಂದ ಜುಲೈವರೆಗೆ. ತೆರಿಗೆ ಕಡಿತಕ್ಕೆ ಮುಂಚಿನ ಮೊತ್ತ ಬರೆಯಬೇಕು, ಕೈಗೆ ಬಂದದ್ದಲ್ಲ. ಓವರ್‌ಟೈಮ್, ಬೋನಸ್ ಎಲ್ಲ ಸೇರುತ್ತದೆ. ಸೋಷಿಯಲ್ ಸೆಕ್ಯುರಿಟಿ ಹಣ, ಅಂದರೆ ಅಲ್ಲಿನ ಸರ್ಕಾರ ಕೊಡುವ ಪಿಂಚಣಿಯಂಥ ಹಣ, ಈ ಸರಾಸರಿಗೆ ಸೇರುವುದಿಲ್ಲ, ಹಾಗಂತ ಬಿಡುವ ಹಾಗಿಲ್ಲ. ಇನ್ನೊಂದು ಪುಟದಲ್ಲಿ ತೋರಿಸಬೇಕು. ಈ ವರ್ಷದ ಜೊತೆಗೆ ಹಿಂದಿನ 2 ವರ್ಷಗಳ ಆದಾಯವನ್ನೂ ಬೇರೆಯಾಗಿ ಕೇಳುತ್ತಾರೆ.

“ಸ್ವಲ್ಪ ದಿನ ಗೆಳೆಯನ ಖಾತೆಗೆ ಹಾಕಿಸಿದರೆ?” ಅಂತ ನನಗೂ ಒಬ್ಬರು ಬುದ್ಧಿ ಹೇಳಿದ್ದರು. ಬೇಡ. ಅರ್ಜಿಗೆ ಸಹಿ ಹಾಕುವುದೇ ಪ್ರಮಾಣ ಮಾಡಿದ ಹಾಗೆ. ಗೊತ್ತಿದ್ದೂ ಮುಚ್ಚಿಟ್ಟರೆ ಸಾಲ ಮನ್ನಾ ಆಗದೇ ಹೋಗಬಹುದು, 5 ವರ್ಷದವರೆಗೆ ಜೈಲೂ ಆಗಬಹುದು. ಮರೆತದ್ದು ಬೇರೆ ಮಾತು. ನೆನಪಾದ ದಿನವೇ ವಕೀಲರಿಗೆ ಹೇಳಿ, ತಿದ್ದುಪಡಿ ಹಾಕಿಸಿ. ಟ್ರಸ್ಟಿ, ಅಂದರೆ ಅರ್ಜಿ ಪರಿಶೀಲಿಸಲು ನೇಮಕವಾದವರು, ಕೇಳುವವರೆಗೆ ಕಾಯಬೇಡಿ.

ನನ್ನ ಟ್ರಸ್ಟಿ ಪಾಠದ ಫೀಸಿನ ಬಗ್ಗೆ ಒಂದೇ ಪ್ರಶ್ನೆ ಕೇಳಿದರು: “ಈಗಲೂ ಮಾಡ್ತಿದ್ದೀರಾ?” ಹೌದು ಅಂದೆ. ಮುಂದಿನ ಪುಟಕ್ಕೆ ಹೋದರು.

ಒಂದು ಮಾತು ಬಿಟ್ಟುಹೋಯಿತು. ಅರ್ಜಿ ಹಾಕಿ 180 ದಿನದೊಳಗೆ ಯಾರಾದರೂ ತೀರಿಕೊಂಡು ಅವರ ಆಸ್ತಿಯಲ್ಲಿ ನಿಮಗೆ ಪಾಲು ಬಂದರೆ, ಅದನ್ನೂ ತಿಳಿಸಬೇಕು.